ಲೆಕ್ಕ ಕೊಡಬೇಕಾದ ಹಿರಿಯಣ್ಣ

ಕುಟುಂಬದ ಟ್ರಸ್ಟ್ ಎಂದ ಕೂಡಲೇ ಹಾಸನದ ಕಡೆ ಜನರಿಗೆ ನೆನಪಾಗುವುದು ಊರಲ್ಲೇ ಉಳಿದುಕೊಂಡ ಹಿರಿಯಣ್ಣ. ತಮ್ಮಂದಿರು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿರುತ್ತಾರೆ, ತಂಗಿಯರು ಗಂಡನ ಮನೆ ಸೇರಿರುತ್ತಾರೆ. ಚನ್ನರಾಯಪಟ್ಟಣದ ಹತ್ತಿರದ ತೆಂಗಿನ ತೋಟಕ್ಕೆ ಗೊಬ್ಬರ ಹಾಕಿಸುವವನು ಅವನೇ, ಅರಕಲಗೂಡಿನ ಹೊಲಕ್ಕೆ ಆಳು ಹೊಂದಿಸುವವನು ಅವನೇ. ಹಾಸನದ ಬಿ.ಎಂ. ರಸ್ತೆಯ ಮಳಿಗೆಗಳ ಬಾಡಿಗೆ ವಸೂಲಿಯೂ ಹೊಳೆನರಸೀಪುರದ ಹಳೆ ಮನೆಯ ಹೆಂಚು ಕೈಯಾಡಿಸುವುದೂ ಅವನ ತಲೆಗೇ. ಅಪ್ಪ ಸಾಯುವ ಮೊದಲು ಬರೆಸಿದ ಟ್ರಸ್ಟ್ ಡೀಡಿನಲ್ಲಿ ಅವನ ಹೆಸರು ಮೊದಲು ಬಂದಿರುತ್ತದೆ. ಕೆಲಸ ಮಾಡುವವನು ಅವನೇ ಆದ್ದರಿಂದ ದುಡ್ಡು ಹಿಡಿಯುವವನೂ ಅವನೇ ಆಗುತ್ತಾನೆ. ಎಂದಾದರೊಮ್ಮೆ ತಂಗಿ ತೋಟದ ಹುಟ್ಟುವಳಿ ಎಷ್ಟಾಯಿತು ಎಂದು ಬಾಯಿ ತೆರೆದರೆ, ಉತ್ತರ ಅಣ್ಣನಿಂದಲ್ಲ, ಅಮ್ಮನಿಂದ ಬರುತ್ತದೆ: "ಒಡಹುಟ್ಟಿದ ಅಣ್ಣನ್ನೇ ಲೆಕ್ಕ ಕೇಳ್ತೀಯಾ?"

ಕಾನೂನಿನ ಉತ್ತರ ಚಿಕ್ಕದು. ಹೌದು, ಕೇಳಬೇಕು, ಅವನು ಕೊಡಬೇಕು.

ಟ್ರಸ್ಟಿಗೂ ಅವಿಭಕ್ತ ಕುಟುಂಬದ ಯಜಮಾನನಿಗೂ ಇರುವ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳದಿರುವುದರಿಂದಲೇ ಈ ಟ್ರಸ್ಟ್‌ಗಳಲ್ಲಿ ಮುಕ್ಕಾಲು ಪಾಲು ಜಗಳ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಯಜಮಾನ, ಅಂದರೆ ಕರ್ತ, ಮಿತಾಕ್ಷರ ಪದ್ಧತಿಯಲ್ಲಿ ದೊಡ್ಡ ಸ್ವಾತಂತ್ರ್ಯ ಉಳ್ಳವನು. ಮನೆಯ ಖರ್ಚಿನಲ್ಲಿ ಕೈ ಬಿಗಿ ಹಿಡಿಯಲಿಲ್ಲ, ಉಳಿತಾಯ ಮಾಡಲಿಲ್ಲ ಎಂದು ಅವನನ್ನು ಪ್ರಶ್ನಿಸುವಂತಿಲ್ಲ. ಪಾಲಾಗುವ ದಿನ ಇರುವ ಆಸ್ತಿಯನ್ನು ಹಂಚಿಕೊಳ್ಳಬೇಕೇ ಹೊರತು, ಮೋಸ ಮಾಡಿದ್ದು ಕಾಣದಿದ್ದರೆ ಹಿಂದಿನ ವರ್ಷಗಳ ಲೆಕ್ಕ ಕೆದಕುವ ಹಾಗಿಲ್ಲ. ಟ್ರಸ್ಟಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನು ಬೇರೆಯವರ ಆಸ್ತಿಯನ್ನು ಕೈಯಲ್ಲಿ ಹಿಡಿದವನು. ಪ್ರತಿ ರೂಪಾಯಿಗೂ ಉತ್ತರದಾಯಿ. 1882ರ ಭಾರತೀಯ ನ್ಯಾಸ ಕಾಯ್ದೆ ಈ ಎರಡನ್ನೂ ಬೆರೆಸಬಾರದೆಂದು ತನ್ನ ಮೊದಲ ಕಲಮಿನಲ್ಲೇ ಹೇಳಿದೆ: ಅವಿಭಕ್ತ ಕುಟುಂಬದ ಸದಸ್ಯರ ಪರಸ್ಪರ ಸಂಬಂಧಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡಿಗೆ ಸಹಿ ಹಾಕಿದ ಗಳಿಗೆಯಿಂದ ಆ ಆಸ್ತಿಯ ಮಟ್ಟಿಗೆ ಮಗ ಯಜಮಾನನಾಗಿ ಉಳಿಯುವುದಿಲ್ಲ. ಮನೆಯವರಿಗೆ ಇದು ತಿಳಿದಿರುವುದಿಲ್ಲ. ಎಷ್ಟೋ ವೇಳೆ ಮಗನಿಗೂ.

ಅದೇ ಒಂದನೇ ಕಲಂ ಇನ್ನೂ ಎರಡು ಸಂಗತಿಗಳನ್ನು ಕಾಯ್ದೆಯಿಂದ ಆಚೆ ಇಟ್ಟಿದೆ: ವಕ್ಫ್, ಮತ್ತು ಸಾರ್ವಜನಿಕವಾಗಲಿ ಖಾಸಗಿಯಾಗಲಿ ಧಾರ್ಮಿಕ ಹಾಗೂ ಧರ್ಮಾರ್ಥ ದತ್ತಿಗಳು. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಮನೆದೇವರ ಗುಡಿಗೆಂದು ಬಿಟ್ಟ ಗದ್ದೆ, ವರ್ಷದ ಉತ್ಸವಕ್ಕೆಂದು ಎತ್ತಿಟ್ಟ ತೋಟ, ಅನ್ನದಾನಕ್ಕೆಂದು ಬರೆದ ಮಳಿಗೆ ಇವೆಲ್ಲ ಜನರ ಬಾಯಲ್ಲಿ ಟ್ರಸ್ಟ್‌ಗಳೇ. ಆದರೆ ಇವಕ್ಕೆ 1882ರ ಕಾಯ್ದೆ ನೇರವಾಗಿ ತಗಲುವುದಿಲ್ಲ. ಗುಡಿ ಮನೆಯವರದೋ ಊರವರದೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ದೇವಕಿ ನಂದನ್ ಮತ್ತು ಮುರಳೀಧರ್ ಪ್ರಕರಣದಲ್ಲಿ ಅಳತೆಗೋಲು ಕೊಟ್ಟಿದೆ. ಫಲಾನುಭವಿಗಳು ಇಂಥವರೇ ಎಂದು ಗುರುತಿಸಬಹುದಾದ ವ್ಯಕ್ತಿಗಳಾದರೆ ಖಾಸಗಿ. ಸಾರ್ವಜನಿಕರು ಅಥವಾ ಅವರಲ್ಲೊಂದು ವರ್ಗವಾದರೆ ಸಾರ್ವಜನಿಕ. ಜನ ಹಕ್ಕಿನಿಂದ ಒಳಗೆ ಬಂದು ಪೂಜೆ ಮಾಡಿಸುತ್ತಾರೋ, ಮನೆಯವರ ಒಪ್ಪಿಗೆ ಮೇಲೆ ಬರುತ್ತಾರೋ ಎಂಬುದನ್ನು ಕೋರ್ಟುಗಳು ನೋಡುತ್ತವೆ. ಸಾರ್ವಜನಿಕವೆಂದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ಆ ಟ್ರಸ್ಟ್‌ನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಮನೆಯ ಗುಡಿಗೆ ಹತ್ತೂರಿನ ಜನ ಬರಲೆಂದು ಪಾಂಪ್ಲೆಟ್ ಹಂಚಿ, ಹುಂಡಿ ಇಟ್ಟು, ರಸೀದಿ ಹರಿದು, ಆಮೇಲೆ ಲೆಕ್ಕ ಕೇಳಿದಾಗ "ಇದು ನಮ್ಮ ಮನೆ ದೇವರು" ಎನ್ನುವವರು ಈ ತೀರ್ಪಿನ ಅಡ್ಡಕ್ಕೆ ಸಿಗುತ್ತಾರೆ.

ವಕ್ಫ್‌ನಲ್ಲೂ ಕುಟುಂಬಕ್ಕೆಂದೇ ಮಾಡುವ ವಕ್ಫ್ ಅಲಲ್ ಔಲಾದ್ ಇದೆ. ಅಲ್ಲಿ ವಕ್ಫ್ ನೋಡಿಕೊಳ್ಳುವ ಮುತವಲ್ಲಿಯ ಹೊಣೆ ಬೇರೆ ಕಾನೂನಿಗೆ ಸೇರಿದ್ದು. ವಕ್ಫ್ ಕಾಯ್ದೆಯ 2025ರ ತಿದ್ದುಪಡಿ, ಇಂಥ ವಕ್ಫ್‌ನಿಂದ ಹೆಣ್ಣುಮಕ್ಕಳೂ ಸೇರಿ ವಾರಸುದಾರರ ಹಕ್ಕು ತಪ್ಪಬಾರದು ಎಂದಿದೆ. ಇಲ್ಲಿ ನಾನು ಬರೆಯುತ್ತಿರುವುದು ಮುಖ್ಯವಾಗಿ ಮಕ್ಕಳು ಮೊಮ್ಮಕ್ಕಳ ಸಲುವಾಗಿ ಮಾಡಿದ ಖಾಸಗಿ ಟ್ರಸ್ಟ್ ಬಗ್ಗೆ. ಆದರೂ ಬೇರೆಯವರ ಸೊತ್ತು ಹಿಡಿದವನು ತನ್ನ ಲಾಭ ನೋಡಬಾರದು, ಲೆಕ್ಕ ಕೊಡಬೇಕು ಎಂಬ ಬುಡದ ಮಾತು ಮೂರೂ ಕಡೆ ಒಂದೇ.

ಈ ಬುಡದ ಮಾತು ಬ್ರಿಟಿಷರ ಹಡಗಿನಲ್ಲಿ ಬಂದದ್ದೆಂದು ಭಾವಿಸುವವರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಿ ಬರಬೇಕು. ಹೊಯ್ಸಳ ಒಂದನೇ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ, ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ರಾಜ ಬಗೆಹರಿಸಿದ್ದಕ್ಕೆ ಅದು ಪ್ರಸಿದ್ಧ. ಆದರೆ ವಕೀಲರ ಕಣ್ಣಿಗೆ ಬೀಳಬೇಕಾದದ್ದು ಅದರ ಕೊನೆಯ ಭಾಗ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಅದನ್ನು ಕೂಡಿಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವನದು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಹಣ ಎಲ್ಲಿಂದ, ಯಾರ ಕೈಗೆ, ಯಾವ ಕೆಲಸಕ್ಕೆ, ಉಳಿದದ್ದು ಎಲ್ಲಿಗೆ ಎಂಬ ನಾಲ್ಕು ಪ್ರಶ್ನೆಗೂ ಕಲ್ಲಿನಲ್ಲೇ ಉತ್ತರವಿದೆ. ಇವತ್ತು ಸ್ಟಾಂಪ್ ಕಾಗದದ ಮೇಲೆ ಬರೆಯುವ ಎಷ್ಟೋ ಡೀಡುಗಳಲ್ಲಿ ನಾಲ್ಕನೆಯ ಪ್ರಶ್ನೆಗೆ, ಅಂದರೆ ಮಿಕ್ಕ ಹಣಕ್ಕೆ, ಉತ್ತರವೇ ಇರುವುದಿಲ್ಲ. ದಾನಶಾಸನಗಳ ಕೊನೆಗೆ ಬರುವ ಶಾಪಾಶಯದ ಶ್ಲೋಕಗಳೂ ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಕಾಯುವುದೇ ಹೆಚ್ಚಿನ ಪುಣ್ಯ ಎನ್ನುತ್ತವೆ. ಕಾಯುವವನು ತಪ್ಪಿದರೆ ಆಗ ನರಕ ಕಾದಿತ್ತು, ಈಗ ಜಿಲ್ಲಾ ನ್ಯಾಯಾಲಯ ಇದೆ.

ಟ್ರಸ್ಟಿ ಮೊದಲು ಮಾಡಬೇಕಾದದ್ದು ಆಸ್ತಿಯನ್ನು ಅರಿಯುವುದು. ನ್ಯಾಸ ಕಾಯ್ದೆಯ 12ನೇ ಕಲಂ ಪ್ರಕಾರ ಟ್ರಸ್ಟಿನ ಸ್ವತ್ತು ಏನು, ಯಾವ ಸ್ಥಿತಿಯಲ್ಲಿದೆ ಎಂದು ಅವನು ತಿಳಿದುಕೊಳ್ಳಬೇಕು. 13ನೇ ಕಲಂ ಪ್ರಕಾರ ಅದರ ಮೇಲಿನ ಹಕ್ಕನ್ನು ಕಾಪಾಡಬೇಕು. ಇಲ್ಲಿ ಒಂದು ದೊಡ್ಡ ಹಳ್ಳವಿದೆ. ಅಪ್ಪ ಟ್ರಸ್ಟ್‌ಗೆ ಬರೆದ ತೋಟ ಅಪ್ಪನ ಸ್ವಂತದ್ದೇ, ಪಿತ್ರಾರ್ಜಿತವೇ? ಸ್ಥಿರಾಸ್ತಿಯ ಟ್ರಸ್ಟ್‌ಗೆ ನೋಂದಾಯಿತ ಪತ್ರ ಇಲ್ಲವೇ ಉಯಿಲು ಬೇಕೆಂದು 5ನೇ ಕಲಂ ಹೇಳುತ್ತದೆ. ಆದರೆ ನೋಂದಣಿಯಾಯಿತು ಎಂದ ಮಾತ್ರಕ್ಕೆ ತನ್ನದಲ್ಲದ್ದನ್ನು ಕೊಟ್ಟದ್ದು ಸರಿಹೋಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಧರ್ಮಕಾರ್ಯಕ್ಕೆಂದು ಮಿತವಾದ ಒಂದು ಭಾಗವನ್ನು ಕೊಡಲು ತಂದೆಗೆ ಅಧಿಕಾರವಿದೆ. ಆ ಅಧಿಕಾರ ಎಲ್ಲಿಯವರೆಗೆ ಎಂಬುದನ್ನು 1963ರಲ್ಲಿ ಕರ್ನಾಟಕದ್ದೇ ಆದ ಗುರಮ್ಮ ಭ್ರತಾರ್ ಚನ್ನಬಸಪ್ಪ ದೇಶಮುಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಚರ್ಚಿಸಿತು. 2022ರಲ್ಲಿ ಮತ್ತೆ ನಮ್ಮ ರಾಜ್ಯದಿಂದಲೇ ಹೋದ ಕೆ.ಸಿ. ಲಕ್ಷ್ಮಣ ಮತ್ತು ಕೆ.ಸಿ. ಚಂದ್ರಪ್ಪ ಗೌಡ ಪ್ರಕರಣದಲ್ಲಿ, ಪ್ರೀತಿ ವಿಶ್ವಾಸಕ್ಕೆ ಕೊಟ್ಟ ದಾನ ಧರ್ಮಕಾರ್ಯ ಅನ್ನಿಸಿಕೊಳ್ಳುವುದಿಲ್ಲ ಎಂದು ಹೇಳಿತು. ಹೆಣ್ಣುಮಕ್ಕಳಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹುಟ್ಟಿನಿಂದಲೇ ಹಕ್ಕು ಬಂದಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಬೇಡ ಎಂದು 2020ರ ವಿನೀತಾ ಶರ್ಮ ತೀರ್ಪು ಸ್ಪಷ್ಟಪಡಿಸಿತು. ಹಾಗಾಗಿ ಗಂಡುಮಕ್ಕಳಿಗಷ್ಟೇ ಅನುಕೂಲವಾಗುವಂತೆ ಪಿತ್ರಾರ್ಜಿತವನ್ನೆಲ್ಲ ಒಂದು ಟ್ರಸ್ಟ್‌ಗೆ ತುಂಬಿದ ಅಪ್ಪಂದಿರ ಡೀಡುಗಳು ಅಲುಗಾಡುವ ನೆಲದ ಮೇಲಿವೆ. ಅಂಥ ಟ್ರಸ್ಟಿನ ಹೊಣೆ ಹೊರುವ ಮುನ್ನ ಪಹಣಿ, ಹಳೆಯ ಪಾಲುಪತ್ರ, ಋಣಭಾರ ಪತ್ರ (ಇ.ಸಿ.) ಎಲ್ಲವನ್ನೂ ವಕೀಲರ ಮುಂದಿಡುವುದು ಜಾಣತನ. ಒಪ್ಪದಿರಲು ಟ್ರಸ್ಟಿಗೆ 10ನೇ ಕಲಂ ಅವಕಾಶ ಕೊಟ್ಟಿದೆ. ಒಮ್ಮೆ ಒಪ್ಪಿದ ಮೇಲೆ ಕೈತೊಳೆದುಕೊಳ್ಳುವುದು ಸುಲಭವಲ್ಲ.

ಈಗ ಲೆಕ್ಕದ ಮಾತು. 19ನೇ ಕಲಂ ಎರಡು ಹೊಣೆ ಹೊರಿಸುತ್ತದೆ. ಟ್ರಸ್ಟಿ ಸ್ಪಷ್ಟವಾದ, ಸರಿಯಾದ ಲೆಕ್ಕ ಇಡಬೇಕು. ಫಲಾನುಭವಿ ಸಕಾಲದಲ್ಲಿ ಕೇಳಿದಾಗ ಆಸ್ತಿಯ ಮೊತ್ತ ಮತ್ತು ಸ್ಥಿತಿಯ ಪೂರ್ಣ ಮಾಹಿತಿ ಕೊಡಬೇಕು. ಡೀಡನ್ನೂ ಹಕ್ಕುಪತ್ರಗಳನ್ನೂ ಲೆಕ್ಕವನ್ನೂ ನೋಡಿ ನಕಲು ತೆಗೆದುಕೊಳ್ಳುವ ಹಕ್ಕನ್ನು 57ನೇ ಕಲಂ ಫಲಾನುಭವಿಗೆ ಕೊಟ್ಟಿದೆ. ತಂಗಿ ಕೇಳಿದ್ದು ಇದನ್ನೇ. ಕೇಳುವುದು ಅವಮಾನವೂ ಅಲ್ಲ, ಅನುಮಾನವೂ ಅಲ್ಲ. ಆದರೆ ನಮ್ಮ ಅಣ್ಣನ ಲೆಕ್ಕ ಹೇಗಿರುತ್ತದೆ? ಕೊಬ್ಬರಿ ತಿಪಟೂರಿಗೋ ಅರಸೀಕೆರೆಗೋ ಹೋಗಿ ಮಾರಾಟವಾಗಿ ದುಡ್ಡು ಅವನ ಸ್ವಂತ ಉಳಿತಾಯ ಖಾತೆಗೆ ಬಂದಿರುತ್ತದೆ. ಅದರಲ್ಲೇ ತೋಟದ ಬೋರ್‌ವೆಲ್ ಕೊರೆಸಿದ್ದು, ಅದರಲ್ಲೇ ಅವನ ಮಗಳ ಕಾಲೇಜು ಫೀಸು, ಅದರಲ್ಲೇ ಅಮ್ಮನ ಆಸ್ಪತ್ರೆ ಖರ್ಚು. ಅವನು ಕದ್ದಿರುವುದಿಲ್ಲ. ಎಷ್ಟೋ ಸಲ ಕೈಯಿಂದಲೇ ಹಾಕಿರುತ್ತಾನೆ. ಆದರೂ ತೋರಿಸುವ ಬಗೆ ಅವನಲ್ಲಿಲ್ಲ. ಲೆಕ್ಕ ಇಟ್ಟಿಲ್ಲದ ಟ್ರಸ್ಟಿಯ ಬಗ್ಗೆ ಕೋರ್ಟು ಅನುಮಾನದ ಲಾಭವನ್ನು ಫಲಾನುಭವಿಗೇ ಕೊಡುವ ಸಂಭವ ಹೆಚ್ಚು. ಟ್ರಸ್ಟಿನ ಹೆಸರಲ್ಲಿ ಪ್ಯಾನ್, ಅದೇ ಹೆಸರಲ್ಲಿ ಬೇರೆ ಬ್ಯಾಂಕ್ ಖಾತೆ, ಆಳಿನ ಕೂಲಿಗೂ ಒಂದು ಸಹಿ ಇಷ್ಟು ಇದ್ದರೆ ಮುಕ್ಕಾಲು ಭಾಗ ವ್ಯಾಜ್ಯ ಹುಟ್ಟುವುದೇ ಇಲ್ಲ. ಕೈಯಿಂದ ಹಾಕಿದ ನ್ಯಾಯವಾದ ಖರ್ಚನ್ನು ಟ್ರಸ್ಟಿನಿಂದ ವಾಪಸು ಪಡೆಯಲು 32ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಅದಕ್ಕೂ ಚೀಟಿ ಬೇಕಲ್ಲ.

ತಪ್ಪಿದವನಿಗೆ ಬೀಳುವ ಬಡ್ಡಿಯ ಪಟ್ಟಿ 23ನೇ ಕಲಮಿನಲ್ಲಿದೆ. ಸಾಮಾನ್ಯವಾಗಿ ಟ್ರಸ್ಟಿ ಬಡ್ಡಿ ಕೊಡಬೇಕಾಗಿಲ್ಲ. ಆದರೆ ಫಲಾನುಭವಿಗೆ ಕೊಡಬೇಕಾದ ದುಡ್ಡನ್ನು ಸಕಾರಣವಿಲ್ಲದೆ ತಡಮಾಡಿದರೆ, ಕೋರ್ಟು ಬೇರೆ ಹೇಳದಿದ್ದಲ್ಲಿ, ವರ್ಷಕ್ಕೆ ಶೇಕಡ 6ರ ಸರಳ ಬಡ್ಡಿ. ಟ್ರಸ್ಟಿನ ದುಡ್ಡನ್ನು ತನ್ನ ವ್ಯಾಪಾರಕ್ಕೆ ಹಾಕಿಕೊಂಡಿದ್ದರೆ ಕಥೆ ಬೇರೆ: ಆರು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನಾಗಲಿ, ಆ ವ್ಯಾಪಾರದ ನಿವ್ವಳ ಲಾಭವನ್ನಾಗಲಿ, ಯಾವುದು ಬೇಕೋ ಅದನ್ನು ಫಲಾನುಭವಿ ಆರಿಸಿಕೊಳ್ಳಬಹುದು. ಇದರ ಬೆನ್ನಿಗೇ ಬರುವ 24ನೇ ಕಲಂ ನನಗೆ ಇಷ್ಟವಾದದ್ದು. ಟ್ರಸ್ಟಿನ ಒಂದು ಮೊತ್ತವನ್ನು ಗೊತ್ತಿದ್ದೂ ತಪ್ಪು ಮಾಡಿ ಚೀಟಿಗೆ ಕಟ್ಟಿ ಕಳೆದು, ಇನ್ನೊಂದು ಮೊತ್ತವನ್ನು ಅಷ್ಟೇ ತಪ್ಪಾಗಿ ಸೈಟಿಗೆ ಹಾಕಿ ಲಾಭ ಬಂದರೆ, ಆ ಲಾಭ ತೋರಿಸಿ ಈ ನಷ್ಟವನ್ನು ಮುಚ್ಚಿಹಾಕುವಂತಿಲ್ಲ. ಲಾಭ ಟ್ರಸ್ಟ್‌ಗೆ ಸೇರಿತು, ನಷ್ಟ ಅಣ್ಣನ ಹೆಗಲಿಗೆ. "ಒಟ್ಟಾರೆ ನೋಡಿದರೆ ಲಾಭವೇ ಆಗಿದೆಯಲ್ಲ" ಎಂಬ ನಮ್ಮೂರ ವಾದ ಇಲ್ಲಿ ನಡೆಯುವುದಿಲ್ಲ.

ಸ್ವಂತ ಲಾಭದ ಬಾಗಿಲುಗಳನ್ನು ಕಾಯ್ದೆ ಒಂದೊಂದಾಗಿ ಮುಚ್ಚಿದೆ. ಟ್ರಸ್ಟಿ ತನ್ನ ಶ್ರಮಕ್ಕೆ ಸಂಬಳ ಪಡೆಯುವಂತಿಲ್ಲ, ಡೀಡಿನಲ್ಲಿ ಹೇಳಿದ್ದರೆ ಅಥವಾ ಒಪ್ಪಂದವೋ ಕೋರ್ಟಿನ ಅನುಮತಿಯೋ ಇದ್ದರೆ ಹೊರತು. ಸ್ವತ್ತನ್ನು ತನ್ನ ಲಾಭಕ್ಕೆ ಬಳಸುವಂತಿಲ್ಲ. ಮಾರುವ ಹೊಣೆ ಹೊತ್ತವನು ತಾನೇ, ಅಥವಾ ಬೇರೆಯವರನ್ನು ಮುಂದಿಟ್ಟುಕೊಂಡು, ಕೊಳ್ಳುವಂತಿಲ್ಲ. ಫಲಾನುಭವಿಯ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ಖರೀದಿಸುವಂತಿಲ್ಲ. ಟ್ರಸ್ಟಿಗಳು ತಮ್ಮಲ್ಲೇ ಒಬ್ಬರಿಗೆ ಸಾಲ ಕೊಡುವಂತಿಲ್ಲ. ಹಾಸನದ ಮಳಿಗೆಯನ್ನು ಬಾಮೈದನಿಗೆ ಕಡಿಮೆ ಬಾಡಿಗೆಗೆ ಕೊಟ್ಟು, ಅವನು ಅದನ್ನು ಹೆಚ್ಚಿಗೆ ಬೇರೆಯವರಿಗೆ ಕೊಟ್ಟಿದ್ದರೆ, ನಡುವಿನ ವ್ಯತ್ಯಾಸಕ್ಕೆ ಟ್ರಸ್ಟಿ ಉತ್ತರ ಹೇಳಬೇಕಾಗುತ್ತದೆ. ಅರಕಲಗೂಡು ರಾಮನಾಥಪುರದ ಕಡೆ ಇನ್ನೊಂದು ಸೂಕ್ಷ್ಮವಿದೆ. ಟ್ರಸ್ಟಿನ ಹೊಲದಲ್ಲಿ ಹೊಗೆಸೊಪ್ಪು ಬೆಳೆದರೂ ತಂಬಾಕು ಮಂಡಳಿಯ ನೋಂದಣಿ, ಬ್ಯಾರನ್ ಪರವಾನಗಿ ಅಣ್ಣನ ಹೆಸರಲ್ಲಿರಬಹುದು. ಹೆಸರು ಅವನದಾದರೂ, ಟ್ರಸ್ಟಿಯ ಸ್ಥಾನದಿಂದ ದಕ್ಕಿದ ಅನುಕೂಲ ಟ್ರಸ್ಟ್‌ಗೇ ಸೇರಬೇಕು ಎಂಬುದು 88ನೇ ಕಲಮಿನ ಆಶಯ. ಶ್ರಮಕ್ಕೆ ಬೆಲೆಯೇ ಇಲ್ಲವೇ ಎಂದು ಅಣ್ಣ ಕೇಳಿದರೆ ಅವನ ಮಾತಿನಲ್ಲಿ ನ್ಯಾಯವಿದೆ. ಅಮೆರಿಕದ ತಮ್ಮನಿಗೂ ಊರಲ್ಲಿ ಬಿಸಿಲಲ್ಲಿ ನಿಂತ ಅಣ್ಣನಿಗೂ ಸಮಪಾಲು ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮದ್ದು ಡೀಡಿನಲ್ಲೇ ನಿರ್ವಹಣೆಯ ಸಂಭಾವನೆ ಬರೆಸುವುದು. ಬರೆಸದೆ ಒಳಗಿಂದೊಳಗೇ ತೆಗೆದುಕೊಂಡದ್ದು ಕಾನೂನಿನ ದೃಷ್ಟಿಯಲ್ಲಿ ವಿಶ್ವಾಸಭಂಗ.

ಜಮೀನಿನ ವಿಷಯದಲ್ಲಿ ಕೇಂದ್ರದ ಕಾಯ್ದೆಯಷ್ಟೇ ಓದಿದ ಟ್ರಸ್ಟಿ ಮುಗ್ಗರಿಸುತ್ತಾನೆ. 36ನೇ ಕಲಂ, ಕೋರ್ಟಿನ ಅನುಮತಿ ಇಲ್ಲದೆ 21 ವರ್ಷಕ್ಕಿಂತ ಹೆಚ್ಚಿಗೆ ಗುತ್ತಿಗೆ ಕೊಡಬಾರದು ಎನ್ನುತ್ತದೆ. ಅಷ್ಟರೊಳಗೆ ಕೊಡಬಹುದು ಎಂದು ಓದಿಕೊಂಡು ಅಣ್ಣ ಗದ್ದೆಯನ್ನು ಬಾಯಿಮಾತಿನಲ್ಲಿ ಗುತ್ತಿಗೆಗೋ ವಾರಕ್ಕೋ ಕೊಟ್ಟರೆ, ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಅಡ್ಡ ಬರುತ್ತದೆ. ಸೈನಿಕರಂಥವರಿಗೆ ಇರುವ ಕೆಲವು ವಿನಾಯಿತಿ ಬಿಟ್ಟರೆ ಕೃಷಿ ಜಮೀನಿನ ಗೇಣಿಯೇ ನಿಷಿದ್ಧ. 1974ರ ಮಾರ್ಚ್ 1ರಂದು ಗೇಣಿದಾರರ ಕೈಲಿದ್ದ ಜಮೀನು ಸರ್ಕಾರದಲ್ಲಿ ನಿಹಿತವಾಗಿ, ಉಳುವವರು ಅದಕ್ಕೆ ಅರ್ಜಿ ಹಾಕಿ ಒಡೆಯರಾದದ್ದು ಈ ಜಿಲ್ಲೆಯ ಹಳೆ ಮನೆತನಗಳಿಗೆ ಇನ್ನೂ ಮರೆತಿಲ್ಲ. ಅದಕ್ಕೂ ಹಿಂದೆ, ಮೈಸೂರು ಸಂಸ್ಥಾನದ ಭಾಗವಾಗಿದ್ದ ಈ ಸೀಮೆಯಲ್ಲಿ 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯ್ದೆಗಳಿಂದ ವೈಯಕ್ತಿಕ ಇನಾಮುಗಳೂ ದೇವರ ಇನಾಮುಗಳೂ ಹೋದವು. ಮನೆಯವರು ಇವತ್ತಿಗೂ ನಮ್ಮ ಟ್ರಸ್ಟಿನದು ಎನ್ನುವ ಕೆಲವು ಸರ್ವೆ ನಂಬರುಗಳು ಆಗಲೇ ಬೇರೆಯವರ ಹೆಸರಿಗೆ ಮಂಜೂರಾಗಿರಬಹುದು. ತೆಂಗಿನ ತೋಟದಲ್ಲಿ ಸುರಕ್ಷಿತ ದಾರಿ ಎಂದರೆ ನೆಲವನ್ನು ಕೊಡದೆ ವರ್ಷದ ಫಸಲನ್ನಷ್ಟೇ ಬರಹದಲ್ಲಿ ಮಾರುವುದು, ಸಾಧ್ಯವಾದರೆ ನಾಲ್ಕು ಮಂದಿಯಿಂದ ಬೆಲೆ ಕೇಳಿ.

ಪಹಣಿಯ ಕಾಲಂನಲ್ಲಿ ಯಾರ ಹೆಸರಿದೆ ಎಂಬುದು ಇಲ್ಲಿ ಜೀವಾಳ. ಡೀಡು ನೋಂದಣಿಯಾದ ಮೇಲೂ ಖಾತೆ ಬದಲಾಯಿಸದೆ, ಅಪ್ಪ ತೀರಿಕೊಂಡಾಗ ಪೌತಿ ಖಾತೆಯಲ್ಲಿ ಹಿರಿಯ ಮಗನ ಸ್ವಂತ ಹೆಸರು ಕೂರಿಸಿಬಿಟ್ಟರೆ, ಕೆಲವು ವರ್ಷಗಳಲ್ಲಿ ಅವನ ಮಕ್ಕಳು ಅದನ್ನು ಅಪ್ಪನ ಆಸ್ತಿ ಎಂದೇ ನಂಬುತ್ತಾರೆ. ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ ಹಾಸನಗಳ ಮೂಲಕವೇ ಹೋಗುತ್ತದೆ. ರಸ್ತೆಗೋ ನಾಲೆಗೋ ಭೂಸ್ವಾಧೀನವಾದಾಗ ಪರಿಹಾರದ ನೋಟಿಸು ಬರುವುದು ದಾಖಲೆಯಲ್ಲಿರುವ ಹೆಸರಿಗೆ. ಗೊರೂರಿನ ಹೇಮಾವತಿ ಅಣೆಕಟ್ಟಿಗೆ ಊರೇ ಬಿಟ್ಟ ಸೀಮೆ ಇದು, ಪರಿಹಾರದ ದುಡ್ಡಿನ ಜಗಳ ನಮಗೆ ಹೊಸದಲ್ಲ. ನೆಲ ಹೋಗಿ ದುಡ್ಡಾದರೂ ಅದು ಟ್ರಸ್ಟಿನ ಸ್ವತ್ತೇ. ಟ್ರಸ್ಟಿ ಅದನ್ನು ತನ್ನದೆಂದು ಸಾಧಿಸುವಂತಿಲ್ಲ, ಬೇರೊಬ್ಬರು ಸಾಧಿಸಲು ನೆರವಾಗುವಂತಿಲ್ಲ ಎನ್ನುತ್ತದೆ 14ನೇ ಕಲಂ.

ಟ್ರಸ್ಟಿಗಳು ಇಬ್ಬರೋ ಮೂವರೋ ಇದ್ದಾಗ, ಡೀಡು ಬೇರೆ ಹೇಳದಿದ್ದರೆ ಎಲ್ಲರೂ ಸೇರಿಯೇ ತೀರ್ಮಾನಿಸಬೇಕು. ತನ್ನ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಿ ಕೂರುವಂತಿಲ್ಲ ಎಂಬುದನ್ನು ಶೇಖ್ ಅಬ್ದುಲ್ ಕಯೂಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿಯೇ ಹೇಳಿದೆ. ಕೂಲಿಗೆ ಆಳು, ಲೆಕ್ಕಕ್ಕೆ ಗುಮಾಸ್ತ, ಸಲಹೆಗೆ ಆಡಿಟರ್ ಇಟ್ಟುಕೊಳ್ಳುವುದು ಬೇರೆ. ಮಾರಬೇಕೋ ಬೇಡವೋ ಎಂಬ ತೀರ್ಮಾನವನ್ನೇ ಬಿಟ್ಟುಕೊಡುವುದು ಬೇರೆ. "ಅಣ್ಣಯ್ಯ ನೋಡ್ಕೋತಾನೆ, ನಾನು ಸಹಿ ಮಾತ್ರ ಹಾಕ್ತೀನಿ" ಎನ್ನುವ ಬೆಂಗಳೂರಿನ ತಮ್ಮನಿಗೆ 26ನೇ ಕಲಮಿನಲ್ಲಿ ಎಚ್ಚರಿಕೆಯಿದೆ. ಜೊತೆಯ ಟ್ರಸ್ಟಿಯ ಕೈಗೆ ದುಡ್ಡು ಬಿಟ್ಟು ಏನಾಯಿತೆಂದು ವಿಚಾರಿಸದಿದ್ದರೆ, ಅಥವಾ ತಪ್ಪು ಗೊತ್ತಾಗಿಯೂ ಮುಚ್ಚಿಟ್ಟರೆ, ಅವನೂ ಹೊಣೆಗಾರ. ಆಗ ಫಲಾನುಭವಿ ನಷ್ಟವನ್ನು ಪೂರ್ತಿಯಾಗಿ ತಮ್ಮನಿಂದಲೇ ವಸೂಲಿ ಮಾಡಬಹುದು, ತಮ್ಮ ಆಮೇಲೆ ಅಣ್ಣನ ಮೇಲೆ ಹೋಗಬೇಕು. ವಿದೇಶದಲ್ಲಿ ನೆಲೆಸಿದವರ ಬಗ್ಗೆ ಕಾಯ್ದೆ ಇನ್ನೂ ಬಿಗಿ. ವಿದೇಶವನ್ನೇ ನೆಲೆ ಮಾಡಿಕೊಂಡವರನ್ನು 60ನೇ ಕಲಂ ತಕ್ಕ ಟ್ರಸ್ಟಿ ಎಂದು ಎಣಿಸುವುದಿಲ್ಲ. ಸತತ ಆರು ತಿಂಗಳು ಭಾರತದಲ್ಲಿ ಇಲ್ಲದಿದ್ದರೆ ಅವರ ಜಾಗಕ್ಕೆ ಹೊಸಬರನ್ನು ನೇಮಿಸಲು 73ನೇ ಕಲಂ ಬಿಡುತ್ತದೆ. ಆ 60ನೇ ಕಲಮಿನ ವಿವರಣೆಯಲ್ಲಿ, ಫಲಾನುಭವಿಯ ವೈಯಕ್ತಿಕ ಕಾನೂನು ಒಪ್ಪದ ಹೊರತು ಮದುವೆಯಾದ ಹೆಂಗಸು ತಕ್ಕ ಟ್ರಸ್ಟಿಯಲ್ಲ ಎಂಬ ಮಾತೂ ಇದೆ, ಅದೂ ಅಪ್ರಾಪ್ತರ ಜೊತೆಗೆ ಸೇರಿಸಿ. 1882ರ ಗಂಡಸರು ಬರೆದದ್ದು ಎಂದು ನಕ್ಕು ಮುಂದೆ ಹೋಗಬಹುದಾದರೂ ಆ ಸಾಲನ್ನು ಕಿತ್ತುಹಾಕಲು ಇಷ್ಟು ವರ್ಷ ಏಕೆ ಎಂದು ಕೇಳದಿರಲಾಗದು. ಲೆಕ್ಕ ಇಡುವುದರಲ್ಲಿ ನಮ್ಮ ಮನೆಗಳ ಅತ್ತಿಗೆಯರು ಅಣ್ಣಂದಿರಿಗಿಂತ ಮೇಲು ಎಂಬುದು ಎಲ್ಲರಿಗೂ ಗೊತ್ತಿದೆ. ಅದೇ ಕಲಮಿನ ಇನ್ನೊಂದು ವಿವರಣೆಯಲ್ಲಿ ಒಂದು ಒಳ್ಳೆಯ ಮಾತೂ ಇದೆ: ದುಡ್ಡು ಪಡೆದು ಇಟ್ಟುಕೊಳ್ಳುವ ಕೆಲಸವಿದ್ದಲ್ಲಿ ಟ್ರಸ್ಟಿಗಳು ಕನಿಷ್ಠ ಇಬ್ಬರಿರಬೇಕು.

ಫಲಾನುಭವಿಗಳ ನಡುವೆ ಟ್ರಸ್ಟಿ ಪಕ್ಷಪಾತ ಮಾಡಬಾರದು. ಜೀವಿತಾವಧಿಗೆ ಅಮ್ಮನಿಗೆ, ಆಮೇಲೆ ಮಕ್ಕಳಿಗೆ ಎಂದು ಬರೆದ ತೋಟದಲ್ಲಿ ಅಮ್ಮನ ಹೆಸರು ಹೇಳಿಕೊಂಡು ಮರಗಳನ್ನೆಲ್ಲ ಕಡಿದು ಸೌದೆಗೆ ಮಾರಲು ಹೊರಟರೆ ತಡೆಯುವುದು 18ನೇ ಕಲಂ ಪ್ರಕಾರ ಟ್ರಸ್ಟಿಯ ಕರ್ತವ್ಯ. ಬುದ್ಧಿಮಾಂದ್ಯ ಮಗುವಿನ ಸಲುವಾಗಿ ತಂದೆತಾಯಿ ಮಾಡುವ ಟ್ರಸ್ಟ್‌ಗಳಲ್ಲಿ ಈ ಹೊಣೆ ಇನ್ನೂ ಭಾರವಾದದ್ದು, ಏಕೆಂದರೆ ಲೆಕ್ಕ ಕೇಳಬೇಕಾದ ಫಲಾನುಭವಿಗೆ ಕೇಳಲು ಬರುವುದಿಲ್ಲ. ಅಂಥ ಮಗುವಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕರನ್ನು ನೇಮಿಸಿಕೊಂಡು, ದುಡ್ಡು ಹಿಡಿಯುವವರು ಒಬ್ಬರು, ಮಗುವನ್ನು ನೋಡಿಕೊಳ್ಳುವವರು ಇನ್ನೊಬ್ಬರು ಎಂದು ಬೇರ್ಪಡಿಸಿದರೆ ಪರಸ್ಪರ ಕಣ್ಣಿರುತ್ತದೆ.

ಇಷ್ಟೆಲ್ಲ ಹೇಳಿದರೂ ಕಾಯ್ದೆ ಟ್ರಸ್ಟಿಯಿಂದ ಅಸಾಧ್ಯವಾದದ್ದನ್ನು ಕೇಳುವುದಿಲ್ಲ. ಸಾಮಾನ್ಯ ವಿವೇಕದ ಮನುಷ್ಯ ತನ್ನದೇ ಆಸ್ತಿಯಾಗಿದ್ದರೆ ಎಷ್ಟು ಜಾಗ್ರತೆ ವಹಿಸುತ್ತಿದ್ದನೋ ಅಷ್ಟು ಸಾಕು ಎನ್ನುತ್ತದೆ 15ನೇ ಕಲಂ. ಅದರ ಕೆಳಗೆ ಕೊಟ್ಟ ಉದಾಹರಣೆಯಲ್ಲಿ, ಕಲ್ಕತ್ತದ ಟ್ರಸ್ಟಿ ಮುಂಬಯಿಯ ಫಲಾನುಭವಿಗೆ ನಂಬಿಕಸ್ಥ ವ್ಯಕ್ತಿಯ ಹುಂಡಿಯ ಮೂಲಕ ದುಡ್ಡು ಕಳಿಸುತ್ತಾನೆ, ಹುಂಡಿ ನಗದಾಗುವುದಿಲ್ಲ, ನಷ್ಟ ತುಂಬಿಕೊಡುವ ಹೊಣೆ ಟ್ರಸ್ಟಿಯದಲ್ಲ. ಆಲೂಗಡ್ಡೆಗೆ ಅಂಗಮಾರಿ ಬಂದು ಬೆಳೆ ಹೋದದ್ದಕ್ಕೂ, ಕೊಬ್ಬರಿ ಬೆಲೆ ಕುಸಿದದ್ದಕ್ಕೂ ಅಣ್ಣ ತಲೆ ಕೊಡಬೇಕಿಲ್ಲ. ಕೂಡಲೇ ಬೇಕಾಗದ ನಗದನ್ನು ಮಾತ್ರ ಅವನು ಕಾನೂನು ಒಪ್ಪುವ ಹೂಡಿಕೆಯಲ್ಲೇ ಇಡಬೇಕು. ಯಾವುದರಲ್ಲಿ ಎಂಬುದನ್ನು 20ನೇ ಕಲಂ ಹೇಳುತ್ತದೆ. 2016ರ ತಿದ್ದುಪಡಿ ಹಳೆಯ ಉದ್ದನೆ ಪಟ್ಟಿ ತೆಗೆದು ಸರ್ಕಾರ ಅಧಿಸೂಚಿಸುವ ಹೂಡಿಕೆಗಳಿಗೆ ಬಿಟ್ಟಿತು. ಡೀಡಿನಲ್ಲೇ ಬೇರೆ ಹೇಳಿದ್ದರೆ ಅದರಂತೆ.

ತೆರಿಗೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಯಾರಿಗೆ ಎಷ್ಟು ಎಂದು ಡೀಡಿನಲ್ಲಿ ನಿಗದಿಯಾಗಿದ್ದರೆ ತೆರಿಗೆ ಫಲಾನುಭವಿಯ ದರದಲ್ಲಿ; ಟ್ರಸ್ಟಿಯ ವಿವೇಚನೆಗೆ ಬಿಟ್ಟಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಗರಿಷ್ಠ ದರದಲ್ಲಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಆದರೆ ಬಾಡಿಗೆಗೆ ಇದೆ. ಎರಡನ್ನೂ ಬೆರೆಸಿದ ಲೆಕ್ಕ ಆಡಿಟರನ್ನೂ ಕಾಪಾಡದು.

ದಾರಿ ತಿಳಿಯದ ಟ್ರಸ್ಟಿಗೆ ಒಂದು ಸೌಲಭ್ಯವಿದೆ, ಅದನ್ನು ಬಳಸುವವರು ಕಡಿಮೆ. 34ನೇ ಕಲಂ ಪ್ರಕಾರ, ದಾವೆ ಹೂಡದೆ ಬರೀ ಅರ್ಜಿ ಹಾಕಿ, ಆಡಳಿತದ ಬಗ್ಗೆ ಕೋರ್ಟಿನ ಅಭಿಪ್ರಾಯವನ್ನೇ ಕೇಳಬಹುದು. ಪ್ರಾಮಾಣಿಕವಾಗಿ ವಿಷಯ ಮುಂದಿಟ್ಟು ಆ ಸಲಹೆಯಂತೆ ನಡೆದರೆ ಅವನು ಕರ್ತವ್ಯ ನಿರ್ವಹಿಸಿದಂತೆಯೇ. ಕಾಯ್ದೆ ಹೇಳುವುದು ಪ್ರಧಾನ ಸಿವಿಲ್ ನ್ಯಾಯಾಲಯ ಎಂದು. ಹಾಗಾಗಿ ಅರಕಲಗೂಡಿನ ಟ್ರಸ್ಟಿಯೂ ಹೊಳೆನರಸೀಪುರದ ಟ್ರಸ್ಟಿಯೂ ತಾಲ್ಲೂಕು ಕೋರ್ಟಲ್ಲ, ಹಾಸನದ ಜಿಲ್ಲಾ ನ್ಯಾಯಾಲಯದ ಕಡೆ ನೋಡಬೇಕು. ಡೀಡಿನಲ್ಲಿ "ವಿವಾದ ಬಂದರೆ ಪಂಚರ ತೀರ್ಮಾನಕ್ಕೆ" ಎಂದು ಬರೆಸಿದ್ದರೆ ಅದು ನಿಲ್ಲುವುದಿಲ್ಲ. ಟ್ರಸ್ಟ್ ಕಾಯ್ದೆಯಡಿಯ ವ್ಯಾಜ್ಯ ಮಧ್ಯಸ್ಥಿಕೆ ಕಾಯ್ದೆಗೆ ಒಳಪಡದು ಎಂದು 2016ರ ವಿಮಲ್ ಕಿಶೋರ್ ಷಾ ತೀರ್ಪು ಹೇಳಿದೆ. ಹಿರಿಯರು ಕೂತು ರಾಜಿ ಮಾಡಿಸುವುದಕ್ಕೆ ಅದರಿಂದ ತೊಡಕಿಲ್ಲ.

ಫಲಾನುಭವಿಯ ಕೈಯಲ್ಲಿರುವ ದೊಡ್ಡ ಅಸ್ತ್ರ ಕಾಲಮಿತಿ ಕಾಯ್ದೆಯ 10ನೇ ಕಲಂ. ಟ್ರಸ್ಟಿಯ ಕೈಲಿರುವ ಆಸ್ತಿಯನ್ನು ಬೆನ್ನಟ್ಟಲು ಎಷ್ಟು ವರ್ಷ ಕಳೆದರೂ ಅಡ್ಡಿ ಇಲ್ಲ. ಸ್ಥಿರಾಸ್ತಿಯನ್ನು ಬೆಲೆ ಕೊಟ್ಟು ಕೊಂಡವರ ವಿರುದ್ಧವಾದರೆ ವರ್ಗಾವಣೆ ತಿಳಿದ ದಿನದಿಂದ 12 ವರ್ಷ. ಟ್ರಸ್ಟ್ ಎಂದು ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನಿಗೆ ರಕ್ಷಣೆಯಿದೆ, ಆದರೆ ನೋಂದಾಯಿತ ಡೀಡು ಇ.ಸಿ.ಯಲ್ಲಿ ಕಾಣುತ್ತಿರುವಾಗ ಗೊತ್ತಿರಲಿಲ್ಲ ಎನ್ನುವುದು ಕಷ್ಟ. ದುಡ್ಡು ನುಂಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ಅದು ಅಪರಾಧವೂ ಹೌದು. ಆದರೆ ಅಣ್ಣತಮ್ಮಂದಿರ ಲೆಕ್ಕದ ಜಗಳವನ್ನು ಠಾಣೆಗೆ ಒಯ್ಯುವುದಕ್ಕಿಂತ, ನ್ಯಾಸ ಕಾಯ್ದೆಯ 60 ಮತ್ತು 74ನೇ ಕಲಮುಗಳಡಿ ಬೇರೆ ಟ್ರಸ್ಟಿಯ ನೇಮಕ ಕೇಳುವುದೇ ಹೆಚ್ಚು ಫಲ ಕೊಡುತ್ತದೆ.

ಒಪ್ಪಿಕೊಂಡ ಹೊಣೆಯಿಂದ ಬಿಡಿಸಿಕೊಳ್ಳುವುದಕ್ಕೆ ಅಣ್ಣನಿಗೆ ಮೂರು ದಾರಿ: ಕೋರ್ಟಿನ ಅನುಮತಿ, ಪ್ರಾಪ್ತ ವಯಸ್ಕರಾದ ಫಲಾನುಭವಿಗಳ ಒಪ್ಪಿಗೆ, ಅಥವಾ ಡೀಡಿನಲ್ಲೇ ಕೊಟ್ಟ ಅಧಿಕಾರ. ಟ್ರಸ್ಟೇ ಮುಗಿಯುವುದೂ ಇದೆ. ಖಾಸಗಿ ಟ್ರಸ್ಟ್ ಆಚಂದ್ರಾರ್ಕವಾಗಿ ನಡೆಯುವಂತಿಲ್ಲ. ಮಕ್ಕಳೆಲ್ಲ ಪ್ರಾಪ್ತರಾಗಿ, ಎಲ್ಲರೂ ಸೇರಿ ಆಸ್ತಿ ನಮಗೆ ಒಪ್ಪಿಸಿ ಎಂದು ಕೇಳಿದರೆ 56ನೇ ಕಲಂ ಪ್ರಕಾರ ಟ್ರಸ್ಟಿ ಒಪ್ಪಿಸಲೇಬೇಕು. ಕಿರಿಯವನಿಗೆ ಹದಿನೆಂಟು ತುಂಬಿ ಎಷ್ಟೋ ವರ್ಷವಾದರೂ, ಕೇಳುವವರಿಲ್ಲ ಎಂಬ ಕಾರಣಕ್ಕೆ ಸತ್ತ ಟ್ರಸ್ಟಿಯ ಹೆಸರಲ್ಲೇ ಪಹಣಿ ನಡೆದುಕೊಂಡು ಹೋಗುವುದುಂಟು. ಉಳಿದ ಟ್ರಸ್ಟಿ ಆಗ ಮಾಡಬೇಕಾದದ್ದು ಕೊನೆಯ ಲೆಕ್ಕ ಬರೆದು, ಎಲ್ಲರ ಒಪ್ಪಿಗೆ ಸಹಿ ಪಡೆದು, ಆಯಾ ಪಾಲಿಗೆ ನೋಂದಾಯಿತ ಪತ್ರ ಮಾಡಿಸಿ, ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವುದು. ಲೆಕ್ಕ ಪರಿಶೀಲಿಸಿ ತೀರುವೆ ಮಾಡಿಸಿಕೊಂಡು, ಫಲಾನುಭವಿಗೆ ಇನ್ನೇನೂ ಬಾಕಿ ಇಲ್ಲದಿದ್ದರೆ ಹಾಗೆಂದು ಬರಹದಲ್ಲಿ ರಸೀದಿ ಪಡೆಯುವ ಹಕ್ಕನ್ನು 35ನೇ ಕಲಂ ಟ್ರಸ್ಟಿಗೇ ಕೊಟ್ಟಿದೆ. ಲೆಕ್ಕ ಕೇಳಿದ ತಂಗಿಯ ಸಹಿಯೂ ಅದರ ಮೇಲೆ ಬೇಕು.